ಇತಿಹಾಸ ಇರಲಿ, ಸ್ಟ್ಯಾಂಡರ್ಡ್ ಸಾಕು

ಮಗಳ ಶಾಲೆಯ ಇತಿಹಾಸದ ಮೇಡಂ ಹತ್ತಿರ ನಾನು ಕೇಳಿದ ಮೊದಲ ಪ್ರಶ್ನೆಯೇ ಚೌಕಾಸಿಯದು.

“ಮೇಡಂ, ಸ್ಟ್ಯಾಂಡರ್ಡ್ ಅಂತ ಹೆಸರು ಬರೆಸಿ, ಹೈಯರ್‌ನವರ ಕ್ಲಾಸಿನಲ್ಲಿ ಕೂತುಕೊಂಡರೆ ಆಗುವುದಿಲ್ವಾ?”

“ಕೂತುಕೊಳ್ಳಬಹುದು ಸರ್, ಬೆಂಚು ಖಾಲಿ ಉಂಟು. ಆದರೆ ಪರೀಕ್ಷೆಯ ದಿವಸ ಹೈಯರ್ ಪೇಪರ್ ಅವಳಿಗೆ ಕೊಡುವುದಿಲ್ಲ.”

ಮೇಡಂ ನಕ್ಕರು. ಮಗಳು ನಗಲಿಲ್ಲ. ನನ್ನ ಜೊತೆ ಎಲ್ಲಿಗೆ ಬಂದರೂ ಅವಳಿಗೆ ಇದೇ ಫಜೀತಿ. ಐಸ್‌ಕ್ರೀಮ್ ಅಂಗಡಿಯಲ್ಲಿ ನಾನು ಬಾಯಿ ತೆರೆದರೂ ಅವಳು ಗೋಡೆಯ ಮೇಲಿನ ಬೋರ್ಡು ಓದುವವಳಂತೆ ಮುಖ ತಿರುಗಿಸುತ್ತಾಳೆ.

ವಿಷಯ ಇಷ್ಟು. ಹತ್ತನೆಯ ತರಗತಿ ಮುಗಿದ ಮೇಲೆ ಅವಳನ್ನು ಪಿಯುಸಿಗೆ ಹಾಕದೆ ಮಣಿಪಾಲದ ಒಂದು ಶಾಲೆಗೆ ಹಾಕಿದ್ದೆ. ಅಲ್ಲಿನ ಪಠ್ಯಕ್ರಮ ಹೊರದೇಶದ್ದು. ಎರಡು ವರ್ಷ, ಆರು ವಿಷಯ. ಮೂರನ್ನು ಹೈಯರ್ ಮಟ್ಟದಲ್ಲಿ ಓದಬೇಕು, ಉಳಿದ ಮೂರನ್ನು ಸ್ಟ್ಯಾಂಡರ್ಡ್ ಮಟ್ಟದಲ್ಲಿ. ಇತಿಹಾಸದಲ್ಲಿ ಹೈಯರ್ ಎಂದರೆ, ಸ್ಟ್ಯಾಂಡರ್ಡ್‌ನವರು ಓದುವುದನ್ನೆಲ್ಲ ಓದಿ, ಅದರ ಮೇಲೆ ಒಂದು ಇಡೀ ಪ್ರದೇಶದ ಚರಿತ್ರೆಯನ್ನು ಆಳವಾಗಿ ಓದಿ, ಇನ್ನೊಂದು ಪೇಪರ್ ಬರೆಯುವುದು. ಮಗಳ ಹೈಯರ್ ವಿಷಯಗಳಲ್ಲಿ ಇಂಗ್ಲಿಷ್ ಮತ್ತು ಅರ್ಥಶಾಸ್ತ್ರ ಮೊದಲೇ ನಿಶ್ಚಯವಾಗಿದ್ದವು. ಮೂರನೆಯ ಜಾಗ ಒಂದೇ. ಅದಕ್ಕೆ ಅವಳು ಇತಿಹಾಸ ಎನ್ನುತ್ತಿದ್ದಳು, ನಾನು ಗಣಿತ ಎನ್ನುತ್ತಿದ್ದೆ.

ನನ್ನ ವ್ಯಾಪಾರವನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಹಳೆಯ ಮನೆಗಳ ಮರ ಕೊಳ್ಳುವವನು. ಕಾರ್ಕಳ, ಕಾಪು ಕಡೆ ಯಾರಾದರೂ ಹಳೆ ಮನೆ ಬಿಚ್ಚುತ್ತಾರೆ ಎಂದು ಗೊತ್ತಾದರೆ ಹೋಗುತ್ತೇನೆ. ಚಾವಡಿಯ ಕಂಬ, ಬಾಗಿಲ ಚೌಕಟ್ಟಿನ ದಾರಂದ, ಕೆತ್ತನೆಯ ಬಾಗಿಲು, ಉಯ್ಯಾಲೆಯ ಹಲಗೆ ಇವನ್ನೆಲ್ಲ ಕೊಂಡು, ಪಾಲಿಶ್ ಹಾಕಿಸಿ, ಕಡಲ ಬದಿಯ ರೆಸಾರ್ಟುಗಳಿಗೂ ಮಣಿಪಾಲದ ಫ್ಲ್ಯಾಟುಗಳಿಗೂ ಮಾರುತ್ತೇನೆ. ಲಾರಿಗೆ ಮರ ಏರಿಸುವ ಕೂಲಿಯಿಂದ ಶುರು ಮಾಡಿದವ ನಾನು. ಈಗ ಕಾರ್ಕಳ ರಸ್ತೆಯಲ್ಲಿ ಸ್ವಂತ ಗೋಡೌನ್ ಉಂಟು. ಮಗಳು ಚಿಕ್ಕವಳಿರುವಾಗ ರಜೆಯಲ್ಲಿ ಅಲ್ಲೇ ಆಡುತ್ತಿದ್ದಳು. ಒಂದೊಂದು ಕಂಬವನ್ನೂ ಮುಟ್ಟಿ, “ಇದು ಯಾರ ಮನೆಯದ್ದು ಪಪ್ಪ?” ಎಂದು ಕೇಳುವಳು. “ನಮ್ಮದು” ಎನ್ನುತ್ತಿದ್ದೆ. “ಅದಕ್ಕಿಂತ ಮೊದಲು?” ಎನ್ನುವಳು. ಅವಳ ಇತಿಹಾಸದ ಹುಚ್ಚಿಗೆ ಬೇರೆ ಯಾರನ್ನೂ ದೂರುವ ಹಾಗಿಲ್ಲ.

ನಮ್ಮ ವ್ಯಾಪಾರದಲ್ಲಿ ಒಂದು ಪದ್ಧತಿ ಉಂಟು. ಮನೆ ನೋಡಲು ನಾನು ನೇರವಾಗಿ ಹೋಗುವುದಿಲ್ಲ. ಹಿಂದಿನ ದಿನ ನನ್ನದೇ ಒಬ್ಬ ಮನುಷ್ಯ ಗುರುತು ಹೇಳದೆ ಹೋಗಿ ಬರುತ್ತಾನೆ. ಕಂಬಕ್ಕೆ ಕುಟ್ಟಿ ನೋಡಿ, ಮುಖ ಹುಳಿ ಮಾಡಿ, ಸೌದೆಯ ರೇಟು ಹೇಳಿ ಎದ್ದು ಬರುತ್ತಾನೆ. ಆ ರಾತ್ರಿ ಮನೆಯವರಿಗೆ ನಿದ್ರೆ ಬರುವುದಿಲ್ಲ. ಮಾರನೆಯ ದಿನ ನಾನು ಹೋಗಿ, “ಛೆ, ಇಂಥ ಹಲಸಿನ ಮರಕ್ಕೆ ಸೌದೆಯ ರೇಟಾ? ಯಾರು ಮಾರಾಯ್ರೆ ಆ ಪುಣ್ಯಾತ್ಮ?” ಎಂದು ಸ್ವಲ್ಪ ಮೇಲೆ ಹೇಳಿದರೆ, ಅವರ ಕಣ್ಣಿಗೆ ನಾನೇ ದೇವರು. ನಾನು ಹೇಳಿದ ರೇಟು ಅಷ್ಟೇನೂ ದೊಡ್ಡದಲ್ಲ ಎಂದು ಅವರಿಗೆ ಹೊಳೆಯುವಾಗ ಕಂಬ ನನ್ನ ಲಾರಿಯಲ್ಲಿರುತ್ತದೆ. ಇದರಲ್ಲಿ ಸುಳ್ಳು ಎಲ್ಲಿ ಉಂಟು ಎಂದು ನಾನೇ ಎಷ್ಟೋ ಜನರಿಗೆ ವಾದಿಸಿದ್ದೇನೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವ ಹುಡುಗರಿಗೆ ಕಲಿಸಿಯೂ ಕೊಟ್ಟಿದ್ದೇನೆ.

ಮಗಳ ವಿಷಯದಲ್ಲಿಯೂ ನಾನು ಹಾಗೆಯೇ ಮಾಡಿದೆ. ಮುಂಚೆ ಕಳಿಸಿದ್ದು ಅವಳ ಸೋದರಮಾವನನ್ನು.

ನಮ್ಮ ಕಡೆ ಸೋದರಮಾವನೇ ಯಜಮಾನನಾಗುವ ಅಳಿಯಸಂತಾನದ ಲೆಕ್ಕ ಕೋರ್ಟಿನಲ್ಲಿ ಮುಗಿದಿರಬಹುದು, ಮನೆಯೊಳಗೆ ಮುಗಿದಿಲ್ಲ. ಅಪ್ಪ ಹೇಳಿದ್ದನ್ನು ಮಕ್ಕಳು ಒಂದು ಕಿವಿಯಲ್ಲಿ ಕೇಳಿ ಬಿಟ್ಟರೂ, ಮಾವ ಬಾಯಿ ತೆರೆದರೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ನನ್ನ ಹೆಂಡತಿಯ ಅಣ್ಣ ಇನ್ನಂಜೆಯಲ್ಲಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು, ಮಕ್ಕಳಿಲ್ಲ, ನನ್ನ ಮಗಳೆಂದರೆ ಜೀವ. ಅವಳಿಗೆ ಚರಿತ್ರೆಯ ಪುಸ್ತಕಗಳನ್ನು ಮೊದಲು ತಂದುಕೊಟ್ಟವರೂ ಅವರೇ. ಅವರನ್ನು ಒಪ್ಪಿಸಲು ನನಗೆ ಕಷ್ಟವಾಯಿತು.

“ಭಾವ, ನಾನೇ ಓದಿಸಿ, ಈಗ ನಾನೇ ಬೇಡ ಹೇಳುವುದಾ? ಎಂತ ನ್ಯಾಯ ಇದು?”

“ಬೇಡ ಹೇಳಿ. ಇತಿಹಾಸವನ್ನೇ ಪೂರ್ತಿ ಬಿಡು ಹೇಳಿ. ಮತ್ತೆ ನಾನು ಸಮಾಧಾನ ಮಾಡುತ್ತೇನೆ.”

“ನೀವು ಮರ ತೆಗೊಳ್ಳುವ ಹಾಗೆಯಾ?”

“ಅವಳ ಒಳ್ಳೆಯದಕ್ಕೆ ಭಾವ. ಗಣಿತ ಹೈಯರ್ ತೆಗೊಂಡರೆ ಮುಂದೆ ಸಿ.ಎ. ಮಾಡ್ಲಿಕ್ಕೆ ದಾರಿ ಉಂಟು. ಇತಿಹಾಸದಲ್ಲಿ ಎಂತ ಉಂಟು? ನೀವು ಬ್ಯಾಂಕಿನವರು, ನಿಮಗೆ ಗೊತ್ತಿಲ್ವಾ?”

ಕೊನೆಗೆ ಅವರು, “ನಿಮ್ಮ ಮಗಳು, ನಿಮ್ಮ ಇಷ್ಟ” ಎಂದರು. ಒಳ್ಳೆಯವರನ್ನು ಒಪ್ಪಿಸುವುದು ಹಾಗೆಯೇ. ಅವರ ಪ್ರೀತಿಯನ್ನೇ ಮುಂದಿಟ್ಟರೆ ಅವರು ಇಲ್ಲ ಎನ್ನುವುದಿಲ್ಲ.

ಭಾನುವಾರ ಇನ್ನಂಜೆಯಲ್ಲಿ ಕೋರಿರೊಟ್ಟಿಯ ಊಟ. ಹೆಂಡತಿ ಅತ್ತಿಗೆಯ ಜೊತೆ ಒಳಗಿದ್ದಳು. ಅವಳಿಗೂ ನಾನು ಏನೂ ಹೇಳಿರಲಿಲ್ಲ. ಕೈ ತೊಳೆದು ಬಂದು ಮಾವ ಕುರ್ಚಿಯಲ್ಲಿ ಕೂತರು. ಅಷ್ಟು ಚೆನ್ನಾಗಿ ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ.

“ಇತಿಹಾಸ ಪೂರ್ತಿ ಬಿಡು ಮಗಾ. ಹೈಯರೂ ಬೇಡ, ಸ್ಟ್ಯಾಂಡರ್ಡೂ ಬೇಡ. ಬೇರೆ ಏನಾದರೂ ತಕೋ.”

“ನೀವಾ ಮಾವ ಹೀಗೆ ಹೇಳುವುದು?”

“ಹೌದು ನಾನೇ. ಸತ್ತವರ ಕಥೆ ಓದಿ ನಿನಗೆ ಯಾರು ಅನ್ನ ಹಾಕುತ್ತಾರೆ? ನಾನು ಪುಸ್ತಕ ತಂದುಕೊಟ್ಟದ್ದೇ ತಪ್ಪು.”

ಕೊನೆಯ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ. ಅದನ್ನು ಅವರು ಅವಳಿಗೆ ಹೇಳಿದರೋ ನನಗೆ ಹೇಳಿದರೋ ಇವತ್ತಿಗೂ ತಿಳಿಯದು. ಮಗಳ ಮುಖ ಕೆಂಪಾಯಿತು. ಅಳು ತಡೆಯಲು ಅವಳು ಕೈಬೆರಳಿನ ಉಗುರು ನೋಡುತ್ತ ಕೂತಳು. ಆಗ ನಾನು ಬಾಯಿ ಹಾಕಿದೆ.

“ಅಷ್ಟು ಬೇಡ ಭಾವ. ಮಗು ಆಸೆಯಿಂದ ಕೇಳುವುದು. ಇತಿಹಾಸ ಇರಲಿ, ಸ್ಟ್ಯಾಂಡರ್ಡ್ ಸಾಕು. ಗಣಿತ ಹೈಯರ್ ಆಗಲಿ. ಎಂತ ಮಗಾ, ಆಗ್ಬಹುದಲ್ವಾ?”

ಅವಳು ತಲೆಯಾಡಿಸಿದಳು. ಸೌದೆಯ ರೇಟು ಕೇಳಿ ಒಂದು ರಾತ್ರಿ ಕಳೆದ ಎಷ್ಟೋ ಮನೆಯವರು ನನ್ನೆದುರು ಹಾಗೆಯೇ ತಲೆಯಾಡಿಸಿದ್ದಾರೆ. ಒಪ್ಪಿದವರು ತಲೆಯಾಡಿಸುವುದು ಬೇರೆ, ಸಾಕಾದವರು ತಲೆಯಾಡಿಸುವುದು ಬೇರೆ. ಆ ವ್ಯತ್ಯಾಸ ಗೊತ್ತಿರುವುದರಿಂದಲೇ ನಾನು ಇಷ್ಟು ವರ್ಷ ಊಟ ಮಾಡಿದ್ದು. ಗೊತ್ತಿದ್ದೂ ಅವತ್ತು ನಾನು ಕಾರಿನ ಕೀ ತೆಗೆದುಕೊಂಡು ಎದ್ದೆ.

ಕಾಪು ದಾಟಿ ಹೆದ್ದಾರಿಯಲ್ಲಿ ಬರುವಾಗ ಹಿಂದಿನ ಸೀಟಿನಿಂದ ಅವಳು ಮುಂದೆ ಬಾಗಿ ನನ್ನ ಹೆಗಲ ಮೇಲೆ ಕೈಯಿಟ್ಟಳು. “ಥ್ಯಾಂಕ್ಸ್ ಪಪ್ಪ. ನೀವಿಲ್ಲದಿದ್ದರೆ ಮಾವ ಪೂರಾ ಬಿಡಿಸುತ್ತಿದ್ದರು.”

ಆ ಕೈ ನನ್ನ ಹೆಗಲ ಮೇಲೆ ಕಟಪಾಡಿಯವರೆಗೂ ಇತ್ತು. ಅವಳು ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆ.

ಜೂನ್‌ನಲ್ಲಿ ತರಗತಿ ಶುರುವಾಯಿತು. ಮಗಳು ಗಣಿತ ಹೈಯರ್‌ನ ಕೋಣೆಗೆ ಹೋಗತೊಡಗಿದಳು. ದೂರಲಿಲ್ಲ, ಅಂಕಗಳೂ ಪರವಾಗಿಲ್ಲ. ಆದರೆ ಇನ್ನಂಜೆಗೆ ಹೋಗುವ ಮಾತು ಬಂದರೆ ಅವಳಿಗೆ ತಲೆನೋವು, ಅಸೈನ್‌ಮೆಂಟ್. ಮಾವ ನನಗೆ ಫೋನ್ ಮಾಡಿ, “ಅವಳು ನನ್ನ ಫೋನ್ ತೆಗೆಯುವುದಿಲ್ಲ ಭಾವ. ಹುಷಾರಿದ್ದಾಳಲ್ವಾ?” ಎನ್ನುತ್ತಿದ್ದರು. ಅವರು ಒಂದು ದಿನವೂ “ನಿಮ್ಮಿಂದಾಗಿ” ಎನ್ನಲಿಲ್ಲ. ಅವಳಿಗೆ ನಿಜ ಹೇಳಿ ಎಂದೂ ಹೇಳಲಿಲ್ಲ. ಹೆಂಡತಿ ಬೇರೆ ನನ್ನ ಹತ್ತಿರವೇ, “ನನ್ನಣ್ಣನಿಗೆ ಎಂತ ಆಯಿತು ಮಾರಾಯ್ರೆ, ಆ ಮಗುವಿನ ಮನಸ್ಸು ಮುರಿಯುವ ಹಾಗೆ ಮಾತಾಡಿದರಲ್ಲ? ನೀವಾದರೂ ಸರಿ ಮಾಡಿದಿರಿ” ಎಂದಳು. ಆವತ್ತು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ ನಾನು.

ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಶಾಲೆಯಲ್ಲಿ ಮಟ್ಟ ಬದಲಾಯಿಸಲು ಇಂತಿಷ್ಟು ಸಮಯ ಎಂದು ಇರುತ್ತದೆ. ಆ ಬಾಗಿಲು ಮುಚ್ಚಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಲಾರಿ ಹೊರಟ ಮೇಲೆ ನಾನು ಎಷ್ಟು ಬೇಕಾದರೂ ಪ್ರಾಮಾಣಿಕ.

ಬಾಗಿಲು ಮುಚ್ಚುವ ಮೊದಲೇ ಅವಳಿಗೆ ಗೊತ್ತಾಯಿತು, ಅದೂ ನನ್ನ ಕಣ್ಣೆದುರೇ.

ಸ್ಟ್ಯಾಂಡರ್ಡ್‌ನವರೂ ಸ್ವಂತವಾಗಿ ಏನಾದರೊಂದು ವಿಷಯ ಹುಡುಕಿ, ವಿಚಾರಿಸಿ ಬರೆಯಬೇಕಂತೆ. ಅವಳು ಹಳೆ ಮನೆಗಳನ್ನು ಜನ ಯಾಕೆ ಬಿಚ್ಚುತ್ತಾರೆ ಎಂಬುದನ್ನು ಆರಿಸಿಕೊಂಡಳು. “ನಿಮ್ಮ ಜೊತೆ ಒಂದು ಮನೆಗೆ ಬರಲಾ ಪಪ್ಪ?” ಎಂದಾಗ ನನಗೆ ಖುಷಿಯೋ ಖುಷಿ. ಆ ಶನಿವಾರ ಕಾರ್ಕಳದ ಬಳಿ ಒಂದು ಮನೆ ಇತ್ತು. ಮನೆಯೊಡತಿ ಶಾಲೆಯ ಟೀಚರ್. ಅದೇ ಅಂಗಳದ ಇನ್ನೊಂದು ಬದಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ನಾನು ಮಗಳನ್ನು ಕರೆದುಕೊಂಡು ಹೊರಟೆ. ಹಿಂದಿನ ದಿನ ನನ್ನ ಮನುಷ್ಯ ಹೋಗಿ ಬಂದಿದ್ದಾನೆ ಎಂಬುದು ನನಗೆ ನೆನಪೇ ಇರಲಿಲ್ಲ. ನೆನಪಿಟ್ಟುಕೊಳ್ಳುವಂಥ ವಿಷಯವೇ ಅಲ್ಲ ಅದು, ಅಷ್ಟು ರೂಢಿ.

ಟೀಚರ್ ಬೆಲ್ಲ ನೀರು ಕೊಟ್ಟರು. ಚಾವಡಿಯಲ್ಲಿ ನಾಲ್ಕು ಹಲಸಿನ ಕಂಬಗಳು, ಒಳ್ಳೆಯ ಕೆತ್ತನೆ. ನಾನು ನನ್ನ ಮಾತು ಶುರು ಮಾಡಿ ರೇಟು ಹೇಳಿದೆ. ಅವರ ಮುಖ ಅರಳಿತು.

“ನೀವು ಒಳ್ಳೆಯವರು ಬಂದಿರಿ. ನಿನ್ನೆ ಒಬ್ಬರು ಬಂದು ಸೌದೆಯ ರೇಟು ಹೇಳಿ ಹೋದರು. ನನಗೆ ಅಳುವೇ ಬಂತು. ನನ್ನ ಅಜ್ಜ ಒರಗಿ ಕೂರುತ್ತಿದ್ದ ಕಂಬ ಇದು.”

ಮಗಳು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಅವಳ ಮೇಡಂ ಕಲಿಸಿದ್ದು ಅದೇ ಅಂತೆ: ಹೇಳಿದವರು ಯಾರು, ಯಾಕೆ ಹೇಳಿದರು, ಅದರಿಂದ ಅವರಿಗೇನು ಲಾಭ ಎಂದು ಮೊದಲು ಕೇಳು.

“ಸೌದೆಯ ರೇಟು ಯಾಕೆ ಹೇಳಿದರು ಟೀಚರ್? ಅವರಿಗೆ ಮರ ಗೊತ್ತಿಲ್ವಾ?”

“ಗೊತ್ತಿಲ್ಲದೆ ಎಂತ? ಕೀಗೊಂಚಲಿನಿಂದ ಕುಟ್ಟಿ ಕಿವಿಕೊಟ್ಟು ಕೇಳಿದರು. ಗೊತ್ತಿದ್ದವರೇ.”

“ಹೇಗಿದ್ದರು ನೋಡ್ಲಿಕ್ಕೆ?”

ನಾನು ಕೆಮ್ಮಿದೆ, ಎದ್ದು ನಿಂತೆ, “ಹೋಗುವ ಮಗಾ, ಮಳೆ ಬರುವ ಹಾಗೆ ಉಂಟು” ಎಂದೆ. ಆಕಾಶ ಶುಭ್ರವಾಗಿತ್ತು.

“ಬಿಳಿ ಮೀಸೆ. ಎಡಗೈಗೆ ಒಂದು ಬೆರಳು ಇಲ್ಲ ಅಂತ ಕಾಣುತ್ತದೆ. ಸ್ಕೂಟರಿನ ಮುಂದೆ ಹಸಿರು ಟಾರ್ಪಾಲ್ ಸುತ್ತಿ ಇಟ್ಟಿದ್ದರು.”

ಆ ಸ್ಕೂಟರಿನಲ್ಲಿ, ಆ ಟಾರ್ಪಾಲಿನ ಮೇಲೆ ಕೂತು, ಮಗಳು ಚಿಕ್ಕಂದಿನಲ್ಲಿ ಎಷ್ಟೋ ಸಲ ಶಾಲೆಗೆ ಹೋಗಿದ್ದಾಳೆ. ಅವಳು ನನ್ನನ್ನು ನೋಡಿದಳು. ಪುಸ್ತಕ ಮುಚ್ಚಿ ಚಪ್ಪಲಿ ಹಾಕಿಕೊಂಡಳು.

ಕಾರು ಹೊರಟಿತು. ನಾನು ರೇಡಿಯೋ ಹಾಕಿದೆ, ಅವಳು ಆರಿಸಿದಳು. ಹಿರಿಯಡ್ಕ ಪೇಟೆ ದಾಟಿದ ಮೇಲೆ ಕೇಳಿದಳು.

“ಮಾವನನ್ನೂ ನೀವೇ ಕಳಿಸಿದ್ದಾ?”

ಎದುರಿಗೆ ಯಾರೂ ಇಲ್ಲದಿದ್ದರೂ ನಾನು ಹಾರ್ನ್ ಹೊಡೆದೆ. ಅವಳಿಗೆ ಅಷ್ಟೇ ಸಾಕಾಯಿತು.

“ಅಯ್ಯೋ ಪಪ್ಪ” ಎಂದಳು. ಮತ್ತೆ, “ನಾನು ಮಾವನ ಹತ್ತಿರ ಮಾತೇ ಆಡಲಿಲ್ಲ ಇಷ್ಟು ದಿವಸ” ಎಂದಳು. ಮತ್ತೆ, “ನಿಮಗೆ ಥ್ಯಾಂಕ್ಸ್ ಬೇರೆ ಹೇಳಿದೆ” ಎಂದಳು. ಒಂದೊಂದು ಮಾತಿನ ಮಧ್ಯೆ ಅರ್ಧ ಮೈಲಿ ರಸ್ತೆ ಹೋಯಿತು.

ಪರ್ಕಳದ ಏರಿನಲ್ಲಿ ಕಾರು ಬದಿಗೆ ಹಾಕಿದೆ.

“ಈಗಲಾದರೂ ನಿಜವಾದ ಕಾರಣ ಹೇಳಿ. ಸಿ.ಎ. ಅಂತ ಹೇಳಬೇಡಿ.”

“ಗೋಡೌನ್ ನಿನಗೆ ಬರಬೇಕು ಅಂತ ಆಸೆ. ಇತಿಹಾಸ ದೊಡ್ಡದಾಗಿ ಓದಿದರೆ ನೀನು ಗೋಡೌನಿನ ಕಡೆ ತಿರುಗಿ ನೋಡುವುದಿಲ್ಲ ಅಂತ ಹೆದರಿಕೆಯಾಯ್ತು ಮಗಾ.”

“ಇದನ್ನೇ ಹೇಳಬಹುದಿತ್ತಲ್ಲ. ನಾನು ಜಗಳ ಮಾಡುತ್ತಿದ್ದೆ. ಜಗಳ ಮಾಡ್ಲಿಕ್ಕೂ ಬಿಡಲಿಲ್ಲ ನೀವು.”

ನಾನು ಸ್ಟಿಯರಿಂಗ್ ಹಿಡಿದು ಕೂತೆ. ಅವಳು ಹೇಳಿದ್ದು ಸರಿ. ಎದುರು ನಿಂತವನ ಜೊತೆ ಜಗಳವಾಡಿ ಗೆಲ್ಲಬಹುದು, ಸೋಲಲೂಬಹುದು. ಅವಳ ಪಕ್ಷದವನಂತೆ ಪಕ್ಕದಲ್ಲಿ ಕೂತವನ ಜೊತೆ ಅವಳು ಏನು ಮಾಡಬೇಕಿತ್ತು?

ಸೋಮವಾರ ಬೆಳಿಗ್ಗೆಯೇ ನಾನು ಮಣಿಪಾಲಕ್ಕೆ ಓಡಿದೆ. ಮಟ್ಟ ಬದಲಾಯಿಸುವ ಸಮಯ ಆ ವಾರವೇ ಮುಗಿಯುತ್ತಿತ್ತು. ಮೇಡಂ ಎದುರು ಕೂತು, ತಪ್ಪು ನನ್ನದು, ಹುಡುಗಿಗೆ ಹೈಯರೇ ಬೇಕಿತ್ತು, ಹಿಂದೆ ಉಳಿದ ಪಾಠಕ್ಕೆ ಬೇಕಾದರೆ ಟ್ಯೂಷನ್ ಇಡುತ್ತೇನೆ, ಇನ್ನೊಂದು ವಾರ ಹೆಚ್ಚು ಕೊಡಿ ಎಂದು ಬೇಡಿದೆ. ಮೇಡಂ ಒಪ್ಪಿದರು. ಗೆದ್ದೆ ಎಂದುಕೊಂಡೆ. ಮಗಳನ್ನು ಕರೆಸಿದರು. ಅವಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿದಳು.

“ಮೇಡಂ, ಒಂದು ವಾರ ಕೇಳಿದ್ದು ಪಪ್ಪ. ನಾನಲ್ಲ.” ಮತ್ತೆ ನನ್ನ ಕಡೆ ತಿರುಗಿ, “ಈಗ ಇತಿಹಾಸದ ಪರವಾಗಿ ವ್ಯಾಪಾರ ಮಾಡುತ್ತಿದ್ದೀರಾ?” ಎಂದಳು.

ಮೇಡಂ ಮೇಜಿನ ಮೇಲಿನ ಪೆನ್ನುಗಳನ್ನು ಜೋಡಿಸತೊಡಗಿದರು. ನಾನು ಎದ್ದು ಬಂದೆ.

ಆ ವಾರ ನಾನು ಬಾಯಿ ಮುಚ್ಚಿಕೊಂಡಿದ್ದೆ. ನನ್ನನ್ನು ಬಲ್ಲವರು ಇದನ್ನು ನಂಬಲಾರರು. ಮಗಳು ಒಬ್ಬಳೇ ಬಸ್ಸು ಹತ್ತಿ ಇನ್ನಂಜೆಗೆ ಹೋಗಿ ಬಂದಳು. ಮಾವನಿಗೂ ಅವಳಿಗೂ ಏನು ಮಾತಾಯಿತೋ ಇಬ್ಬರೂ ನನಗೆ ಹೇಳಲಿಲ್ಲ, ಕೇಳುವ ಯೋಗ್ಯತೆ ನನಗೂ ಇರಲಿಲ್ಲ. ಹೆಂಡತಿಗೆ ಎಲ್ಲ ತಿಳಿಯಿತು. “ನನ್ನಣ್ಣ ಕಂಬಕ್ಕೆ ಕುಟ್ಟುವವನಾ ನಿಮಗೆ?” ಎಂದು ಒಂದೇ ಮಾತು ಹೇಳಿದಳು. ನಾನು ಇನ್ನಂಜೆಗೆ ಹೋಗಿ ಭಾವನ ಎದುರು ನಿಂತಾಗ ಅವರು ಬಾಳೆಹಣ್ಣು ಕೊಟ್ಟು ಮಳೆ ಬೆಳೆ ಮಾತಾಡಿದರು. ಕ್ಷಮೆ ಕೇಳಲು ಜಾಗವೇ ಕೊಡಲಿಲ್ಲ.

ಶುಕ್ರವಾರ ಸಂಜೆ ಮಗಳನ್ನು ಕರೆತರಲು ಶಾಲೆಯ ಗೇಟಿನ ಹತ್ತಿರ ಕಾದಿದ್ದೆ. ಅವಳು ಕಾರು ಹತ್ತಿ ಬೆಲ್ಟ್ ಹಾಕಿಕೊಂಡು ಹೇಳಿದಳು.

“ಸ್ಟ್ಯಾಂಡರ್ಡೇ ಇರಲಿ ಅಂತ ಹೇಳಿ ಬಂದೆ.”

“ಯಾಕೆ ಮಗಾ? ನಾನು ಏನೂ ಹೇಳಲಿಲ್ಲವಲ್ಲ.”

“ಹೈಯರ್‌ನವರು ಬಹಳ ಮುಂದೆ ಹೋಗಿದ್ದಾರೆ. ಅದನ್ನೆಲ್ಲ ಹಿಡಿಯುವಾಗ ಬೇರೆಯದು ಬಿಟ್ಟುಹೋಗುತ್ತದೆ. ಗಣಿತ ಈಗ ತಲೆಗೆ ಹತ್ತುತ್ತಾ ಉಂಟು. ಲೆಕ್ಕ ಹಾಕಿದರೆ ಇದೇ ಸರಿ.”

ಲೆಕ್ಕ ಸರಿಯಾಗಿಯೇ ಇತ್ತು. ನಾನು ಹಾಕಿದ್ದರೂ ಅದೇ ಬರುತ್ತಿತ್ತು. ಅದೇ ನನಗೆ ಸಂಕಟವಾದದ್ದು.

“ಇದು ನೀನೇ ತೀರ್ಮಾನ ಮಾಡಿದ್ದು ತಾನೇ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಜೂನ್‌ನಲ್ಲಿ ಕೇಳಿದ್ದರೆ ಹೈಯರ್ ಅಂತ ಹೇಳುತ್ತಿದ್ದೆ. ಆಗ ಸರಿಯಾಗಿ ಯಾರೂ ಕೇಳಲಿಲ್ಲ. ಈಗ ಕೇಳುವ ಪ್ರಶ್ನೆಯೇ ಬೇರೆ ಆಯ್ತಲ್ವಾ ಪಪ್ಪ?”

ಮಕ್ಕಳಿರುವವರಿಗೆ ನಾನು ಯಾವಾಗಲೂ ಬುದ್ಧಿ ಹೇಳುವವನು. ಯಾವ ಶಾಲೆ, ಯಾವ ವಿಷಯ, ಯಾರ ಹತ್ತಿರ ಹೇಗೆ ಮಾತಾಡಬೇಕು ಎಂದು ಮದುವೆ ಮನೆಯಲ್ಲಿ ಕೂಡ ಜನ ನನ್ನನ್ನು ಕೇಳುತ್ತಾರೆ. ಮೊನ್ನೆಯೂ ಒಬ್ಬರು ಕೇಳಿದರು, ಮಗನಿಗೆ ಇತಿಹಾಸ ಹೈಯರ್ ಕೊಡಿಸುವುದಾ ಸ್ಟ್ಯಾಂಡರ್ಡಾ ಎಂದು. ಮಗನನ್ನು ಕೇಳಿ, ಅವನು ಜಗಳ ಮಾಡಿದರೆ ಮಾಡಲಿ ಬಿಡಿ ಎಂದೆ. “ಅದಕ್ಕೆ ನಿಮ್ಮನ್ನು ಯಾಕೆ ಕೇಳಬೇಕಿತ್ತು ಮಾರಾಯ್ರೆ” ಎಂದು ಅವರು ನಕ್ಕು ಊಟಕ್ಕೆ ಎದ್ದರು.

ಕಾರ್ಕಳದ ಟೀಚರ ಮನೆಗೆ ನಾನು ಮತ್ತೆ ಹೋಗಲಿಲ್ಲ. ಆ ಕಂಬಗಳನ್ನು ಬೇರೆ ಯಾರೋ ಕೊಂಡರಂತೆ. ಯಾವ ರೇಟಿಗೆಂದು ವಿಚಾರಿಸುವ ಧೈರ್ಯವಾಗಲಿಲ್ಲ. ಮುಂಚೆ ಮನುಷ್ಯನನ್ನು ಕಳಿಸುವುದನ್ನು ಪೂರ್ತಿ ನಿಲ್ಲಿಸಿದ್ದೇನೆ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಕಡಿಮೆ ಮಾಡಿದ್ದೇನೆ.

ಕಳೆದ ಭಾನುವಾರ ಉಡುಪಿಯ ನಮ್ಮ ಮನೆಯ ವರಾಂಡದಲ್ಲಿ ಮಗಳು ಒಂದು ದಪ್ಪ ಪುಸ್ತಕ ಓದುತ್ತಿದ್ದಳು. ಬೈಂಡಿನ ಮೇಲೆ ಬೇರೆ ಹುಡುಗಿಯ ಹೆಸರು. ಹೈಯರ್‌ನವರದ್ದು, ಗೆಳತಿಯಿಂದ ತಂದದ್ದು ಎಂದು ಕೇಳದೆಯೇ ತಿಳಿಯಿತು.

“ನಿನಗೊಂದು ತರಿಸಿ ಕೊಡಲಾ?” ಎಂದೆ.

“ಬೇಡ ಪಪ್ಪ. ನನಗೆ ಪರೀಕ್ಷೆಗೆ ಇಲ್ಲ ಇದು. ನಾಳೆ ಅವಳಿಗೆ ಕೊಡಬೇಕು.”

ಅವಳು ಮತ್ತೆ ಓದತೊಡಗಿದಳು. ಇನ್ನೊಬ್ಬರ ಪುಸ್ತಕವಾದ್ದರಿಂದ ಪುಟದ ಮೂಲೆ ಮಡಚದೆ, ಓದುತ್ತಿದ್ದ ಸಾಲಿನ ಕೆಳಗೆ ಬೆರಳಿಟ್ಟುಕೊಂಡಿದ್ದಳು. ನಾನು ಒಳಗೆ ಹೋಗಿ, ಅವಳಿಗೆ ಬೆಳಕು ಸಾಲದೇನೋ ಎಂದು, ವರಾಂಡದ ದೀಪ ಹಾಕಿದೆ.